ಶೋರೂಂಗೂ ಅಳತೆ ಬಟ್ಟೆ ಒಯ್ಯಿರಿ: ಮೈಗೆ ಹೊಂದುವ ಸಿದ್ಧ ಉಡುಪು ಆರಿಸುವ ಕ್ರಮ

ರವಿಕೆ ಹೊಲಿಸಲು ಹೊರಟ ಹೆಂಗಸು ಅಳತೆ ಬ್ಲೌಸ್ ಇಲ್ಲದೆ ಟೈಲರ್ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ. ಟೈಲರ್ ಎಷ್ಟೇ ಹಳಬರಾಗಿರಲಿ, ಕಳೆದ ಸಲ ಸರಿಯಾಗಿ ಕೂತ ರವಿಕೆಯನ್ನು ಹೊಸ ಬಟ್ಟೆಯ ಜೊತೆ ಕವರಿನಲ್ಲಿ ಇಟ್ಟುಕೊಂಡೇ ಹೋಗುತ್ತಾಳೆ. ಅದೇ ಹೆಂಗಸು ಊರೂರಲ್ಲೂ ಶಾಖೆಗಳಿರುವ ಸಿದ್ಧ ಉಡುಪಿನ ಶೋರೂಂಗೆ ಕಾಲಿಟ್ಟಾಗ ಮಾತ್ರ ಈ ಎಚ್ಚರವನ್ನೆಲ್ಲ ಹೊರಗೆ ಬಿಟ್ಟು, ಕತ್ತಿನ ಒಳಪಟ್ಟಿಯಲ್ಲಿರುವ ಎಲ್ ಎಂಬ ಒಂದಕ್ಷರವನ್ನು ನಂಬಿ ಸಾವಿರ ರೂಪಾಯಿ ಕೊಟ್ಟು ಬರುತ್ತಾಳೆ. ಗಂಡಸರ ವಿಷಯದಲ್ಲಿ ಎಲ್ ಬದಲು 40 ಅಥವಾ 42 ಎಂಬ ಸಂಖ್ಯೆ ಇರುತ್ತದೆ, ಅಷ್ಟೇ ವ್ಯತ್ಯಾಸ.

ನಾನೂ ಹೀಗೆ ನಂಬಿ ಕೆಟ್ಟವಳೇ. ಕಳೆದ ಆಷಾಢದ ರಿಯಾಯಿತಿಯಲ್ಲಿ ಮೈಸೂರಿನ ಇಂಥದ್ದೊಂದು ಶೋರೂಂನಲ್ಲಿ ಒಂದು ನೀಲಿ ಕುರ್ತಿ ಕೊಂಡೆ. ಅದೇ ಕಂಪನಿಯ, ಅದೇ ಎಲ್ ಅಳತೆಯ, ಎರಡು ವರ್ಷ ಹಿಂದಿನ ಕುರ್ತಿ ಆಗ ನನ್ನ ಮೈಮೇಲೇ ಇತ್ತಾದ್ದರಿಂದ ಟ್ರಯಲ್ ರೂಮಿನ ಮುಂದಿನ ಸಾಲಿನಲ್ಲಿ ನಿಲ್ಲದೆ ನೇರವಾಗಿ ಬಿಲ್ ಮಾಡಿಸಿದೆ. ಮರುದಿನ ಬೆಳಗ್ಗೆ ಕುವೆಂಪುನಗರದಿಂದ ಹೊರಟ ನಗರ ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿಯಲು ಕೈ ಎತ್ತಿದ್ದೇ ತಡ, ಇಡೀ ಕುರ್ತಿ ಮೂರು ಬೆರಳಿನಷ್ಟು ಮೇಲಕ್ಕೆ ಬಂತು. ರಟ್ಟೆಯ ಹತ್ತಿರ ಬಿಗಿ, ಭುಜದ ಹೊಲಿಗೆ ಮಾತ್ರ ತೋಳಿನ ಮೇಲೆ ಜಾರಿ ಕೂತಿತ್ತು; ಒಂದೇ ಬಟ್ಟೆ ಒಂದು ಕಡೆ ಬಿಗಿ, ಇನ್ನೊಂದು ಕಡೆ ದೊಗಳೆ. ಬದಲಿಸಿಕೊಡಿ ಎಂದು ಹೋದಾಗ, ಚೀಟಿ ಕಿತ್ತಿರುವುದರಿಂದ ಆಗುವುದಿಲ್ಲ ಎಂದರು. ತಪ್ಪಿನಲ್ಲಿ ಅರ್ಧ ಅವರದು, ಅರ್ಧ ನನ್ನದು. ನನ್ನ ಪಾಲಿನ ಅರ್ಧವನ್ನು ತಿದ್ದಿಕೊಂಡ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಇದರಲ್ಲಿ ಹೆಚ್ಚಿನದು ಮಂಡ್ಯದಲ್ಲಿ ಮನೆಯ ಪಡಸಾಲೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದ ನನ್ನ ಚಿಕ್ಕಮ್ಮನಿಂದ ಕಲಿತದ್ದು.

ಎಲ್ ಎಂಬ ಅಕ್ಷರದ ಹಿಂದೆ ಏನಿದೆ

ಕಾರ್ಖಾನೆಯಲ್ಲಿ ಪ್ರತಿ ಅಳತೆಗೂ ಬೇರೆ ಬೇರೆ ಮನುಷ್ಯರನ್ನು ನಿಲ್ಲಿಸಿ ಬಟ್ಟೆ ಕತ್ತರಿಸುವುದಿಲ್ಲ. ನಡುವಿನ ಒಂದು ಅಳತೆಗೆ, ಸಾಮಾನ್ಯವಾಗಿ ಎಂ ಅಳತೆಗೆ, ಮಾದರಿ ನಕ್ಷೆ ತಯಾರಿಸಿ, ಅದಕ್ಕೆ ಇಷ್ಟಿಷ್ಟು ಎಂದು ಕೂಡಿಸಿ ದೊಡ್ಡ ಅಳತೆಗಳನ್ನೂ ಕಳೆದು ಚಿಕ್ಕ ಅಳತೆಗಳನ್ನೂ ಪಡೆಯುತ್ತಾರೆ. ಎದೆಯ ಸುತ್ತಳತೆಗೆ ಎರಡು ಇಂಚು ಕೂಡಿಸಿದಾಗ ಭುಜಕ್ಕೂ ಕತ್ತಿಗೂ ತೋಳಿನ ಉದ್ದಕ್ಕೂ ಒಂದಿಷ್ಟು ತಾನಾಗಿ ಸೇರಿಕೊಳ್ಳುತ್ತದೆ. ಆದರೆ ಮನುಷ್ಯರ ಮೈ ಈ ಲೆಕ್ಕದಲ್ಲಿ ಬೆಳೆಯುವುದಿಲ್ಲ. ನಲವತ್ತು ದಾಟಿದವರಿಗೆ ಹೊಟ್ಟೆ ಬರುತ್ತದೆಯೇ ಹೊರತು ಭುಜ ಅಗಲವಾಗುವುದಿಲ್ಲ. ಹೆರಿಗೆಯಾದ ಮೇಲೆ ಸೊಂಟ ಮತ್ತು ರಟ್ಟೆ ತುಂಬಿಕೊಂಡರೂ ಕತ್ತು ಮೊದಲಿನಷ್ಟೇ ಇರುತ್ತದೆ. ಹೊಟ್ಟೆಗಾಗಿ ಎಕ್ಸ್‌ಎಲ್ ತೆಗೆದುಕೊಂಡವರ ಭುಜ ಜಾರುವುದು, ಭುಜಕ್ಕಾಗಿ ಎಂ ತೆಗೆದುಕೊಂಡವರ ಗುಂಡಿ ಎಳೆಯುವುದು ಇದೇ ಕಾರಣಕ್ಕೆ.

ಇದರ ಜೊತೆಗೆ ಶೋರೂಂಗಳ ವ್ಯವಹಾರದ ರೀತಿಯೂ ಸೇರಿಕೊಳ್ಳುತ್ತದೆ. ಒಂದೇ ಹೆಸರಿನಡಿ ಮಾರುವ ಬಟ್ಟೆಯೆಲ್ಲ ಒಂದೇ ಕಾರ್ಖಾನೆಯಲ್ಲಿ ಹೊಲಿದದ್ದಾಗಿರಬೇಕೆಂದೇನೂ ಇಲ್ಲ. ಈ ವರ್ಷದ ಕುರ್ತಿ ಒಂದು ಊರಿನದು, ಮುಂದಿನ ವರ್ಷದ್ದು ಇನ್ನೊಂದು ಊರಿನದಾಗಬಹುದು, ನಕ್ಷೆಯೂ ನಡುವೆ ಬದಲಾಗಿರಬಹುದು. ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣದ ಕಡೆ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು ಪ್ರತಿ ಬೀದಿಯಲ್ಲೂ ಸಿಗುತ್ತಾರೆ. ಕಟಿಂಗ್ ಸೆಕ್ಷನ್ನಿನಲ್ಲಿ ಕೆಲಸ ಮಾಡಿದವರನ್ನು ಕೇಳಿದರೆ, ಬಟ್ಟೆಯನ್ನು ಹತ್ತಾರು ಪದರ ಹಾಸಿ ಯಂತ್ರದ ಕತ್ತಿಯಿಂದ ಒಟ್ಟಿಗೆ ಕತ್ತರಿಸುವಾಗ ಮೇಲಿನ ಪದರಕ್ಕೂ ಅಡಿಯ ಪದರಕ್ಕೂ ಸ್ವಲ್ಪ ಹೆಚ್ಚುಕಡಿಮೆ ಆಗಿಯೇ ಆಗುತ್ತದೆ ಎಂದು ಹೇಳುತ್ತಾರೆ. ಹೊಲಿಗೆಯಲ್ಲಿ ಆಗುವ ವ್ಯತ್ಯಾಸ ಬೇರೆ. ಅರ್ಧ ಇಂಚಿನವರೆಗಿನ ಏರುಪೇರನ್ನು ಚೆಕಿಂಗ್‌ನಲ್ಲಿ ತಪ್ಪೆಂದು ಲೆಕ್ಕಿಸದಿರುವುದು ಸಾಮಾನ್ಯ. ಆದ್ದರಿಂದ ಒಂದೇ ಬಣ್ಣದ, ಒಂದೇ ಅಳತೆಯ ಎರಡು ಅಂಗಿಗಳನ್ನು ಒಟ್ಟಿಗೆ ಟ್ರಯಲ್ ರೂಮಿಗೆ ಒಯ್ಯುವುದು ಹುಚ್ಚಲ್ಲ. ಒಂದು ಕೂರದಿದ್ದಲ್ಲಿ ಇನ್ನೊಂದು ಕೂತದ್ದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ಕಂಡಿದ್ದೇನೆ.

ನಮ್ಮ ದೇಶದ ಮೈಕಟ್ಟಿಗೆಂದೇ ಅಳತೆಪಟ್ಟಿ ಬೇಕೆಂಬ ಉದ್ದೇಶದಿಂದ ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ, ಅಂದರೆ ನಿಫ್ಟ್, ಜವಳಿ ಸಚಿವಾಲಯದ ನೆರವಿನಿಂದ ಇಂಡಿಯಾಸೈಜ್ ಎಂಬ ಸಮೀಕ್ಷೆಯನ್ನು ಕೈಗೊಂಡಿತು. ಬೆಂಗಳೂರೂ ಸೇರಿದಂತೆ ಆರು ನಗರಗಳಲ್ಲಿ 15ರಿಂದ 65 ವರ್ಷದೊಳಗಿನ 25,000ಕ್ಕೂ ಹೆಚ್ಚು ಜನರ ಮೈಯಳತೆಯನ್ನು ತ್ರಿ-ಆಯಾಮದ ಸ್ಕ್ಯಾನರ್‌ಗಳಿಂದ ಪಡೆಯುವುದು ಅದರ ಯೋಜನೆ. ಅದರ ಫಲ ಶೋರೂಂನ ಚೀಟಿಗೆ ಇಳಿಯುವವರೆಗೆ ನಮ್ಮ ಟೇಪೇ ನಮಗೆ ಗತಿ.

ಸಂಖ್ಯೆಗಳ ವಿಷಯದಲ್ಲಿ ಇನ್ನೂ ಒಂದು ಗೊಂದಲವಿದೆ. ಗಂಡಸರ ಟೀ ಶರ್ಟಿನ ಮೇಲೆ 40 ಎಂದಿದ್ದರೆ ಅದು ಸಾಮಾನ್ಯವಾಗಿ ಎದೆಯ ಸುತ್ತಳತೆ, ಇಂಚಿನಲ್ಲಿ. ಆಫೀಸಿಗೆ ಹಾಕುವ ಕಾಲರ್ ಶರ್ಟಿನ ಮೇಲೆ 40 ಎಂದಿದ್ದರೆ ಅನೇಕ ಕಂಪನಿಗಳಲ್ಲಿ ಅದು ಕಾಲರಿನ ಸುತ್ತಳತೆ, ಸೆಂಟಿಮೀಟರಿನಲ್ಲಿ; ಎಂದರೆ ಸುಮಾರು ಹದಿನೈದೂಮುಕ್ಕಾಲು ಇಂಚು. ಎರಡನ್ನೂ ಒಂದೇ ಎಂದು ತಿಳಿದು, ಟೀ ಶರ್ಟ್ 40 ಹೊಂದುವುದರಿಂದ ಶರ್ಟೂ 40 ಹೊಂದಬೇಕೆಂದು ಹಟ ಹಿಡಿಯುವ ಗಂಡಸರು ನಮ್ಮ ಮನೆಯಲ್ಲೇ ಇಬ್ಬರಿದ್ದಾರೆ. ಪ್ಯಾಂಟಿನ ಸೊಂಟದ ಸಂಖ್ಯೆಯಲ್ಲೂ ಉದಾರತೆ ನಡೆಯುತ್ತದೆ. 32 ಎಂದು ಅಚ್ಚಾಗಿರುವ ಪ್ಯಾಂಟನ್ನು ಅಳೆದರೆ 33 ದಾಟುವುದುಂಟು, ಕೊಳ್ಳುವವನ ಮನಸ್ಸಿಗೆ ಹಿತವಾಗಲಿ ಎಂದು. ಹಿತವಾಗಿಯೇ ಇರುತ್ತದೆ, ಬೇರೆ ಕಂಪನಿಯ ಪ್ಯಾಂಟ್ ಕೊಳ್ಳುವವರೆಗೆ.

ಚೀಟಿಯಲ್ಲಿ ನಂಬಬಹುದಾದದ್ದು ಸೆಂಟಿಮೀಟರ್ ಸಾಲು. ಬಿಡಿಯಾಗಿ ಮಾರುವ ಸಿದ್ಧ ಉಡುಪಿನ ಮೇಲೆ ಎಸ್, ಎಂ, ಎಲ್ ಗುರುತುಗಳ ಜೊತೆಗೆ ಮೆಟ್ರಿಕ್ ಅಳತೆಯನ್ನೂ ಮುದ್ರಿಸಬೇಕೆಂದು ಕಾನೂನು ಮಾಪನ ನಿಯಮಗಳ 2022ರ ತಿದ್ದುಪಡಿ ಹೇಳುತ್ತದೆ. ಎಂಆರ್‌ಪಿ, ತಯಾರಕರ ಅಥವಾ ಮಾರುವವರ ವಿಳಾಸ, ದೂರು ಹೇಳಲು ಫೋನ್ ಸಂಖ್ಯೆ ಮತ್ತು ಇಮೇಲ್ ಕೂಡ ಅಲ್ಲೇ ಇರಬೇಕು. ಆ ಸೆಂಟಿಮೀಟರನ್ನು 2.54ರಿಂದ ಭಾಗಿಸಿದರೆ ಇಂಚು ಸಿಗುತ್ತದೆ.

ಹೊರಡುವ ಮುಂಚೆ ಮನೆಯಲ್ಲಿ

ಬೀರುವಿನಲ್ಲಿರುವ ಬಟ್ಟೆಗಳಲ್ಲಿ ಹಾಕಿಕೊಂಡಿದ್ದೇ ಮರೆತುಹೋಗುವಂಥದ್ದು ಒಂದಿರುತ್ತದೆ. ಎಳೆದುಕೊಳ್ಳುವುದಿಲ್ಲ, ಸರಿಪಡಿಸಿಕೊಳ್ಳುವುದಿಲ್ಲ, ಕನ್ನಡಿ ನೋಡಬೇಕೆನಿಸುವುದಿಲ್ಲ. ಅದೇ ನಿಮ್ಮ ಅಳತೆ ಬಟ್ಟೆ. ಮೈಯನ್ನು ಅಳೆಯುವುದಕ್ಕಿಂತ ಇದನ್ನು ಅಳೆಯುವುದು ಮೇಲು, ಏಕೆಂದರೆ ಮೈಯಳತೆಗೆ ಎಷ್ಟು ಸಡಿಲ ಬಿಟ್ಟರೆ ನಿಮಗೆ ಹಿತ ಎಂಬ ಲೆಕ್ಕ ಇದರಲ್ಲಿ ಆಗಲೇ ಸೇರಿರುತ್ತದೆ. ನನ್ನ ಎದೆಯ ಸುತ್ತಳತೆ 38 ಇಂಚು, ನನ್ನ ಅಳತೆ ಕುರ್ತಿಯದು 41. ಈ ಮೂರು ಇಂಚಿನ ಸಡಿಲ ನನ್ನ ಇಷ್ಟ, ನಿಮಗೆ ಎರಡು ಸಾಕಾಗಬಹುದು, ಐದು ಬೇಕೆನಿಸಬಹುದು. ಹಿಗ್ಗುವ ಟೀ ಶರ್ಟಿಗೂ ಹಿಗ್ಗದ ಕಾಟನ್ ಅಂಗಿಗೂ ಸಡಿಲದ ಲೆಕ್ಕ ಬೇರೆಯಾದ್ದರಿಂದ ಪ್ರತಿಯೊಂದಕ್ಕೂ ಒಂದೊಂದು ಅಳತೆ ಬಟ್ಟೆ ಗೊತ್ತುಮಾಡಿಕೊಳ್ಳಬೇಕು.

ಬಟ್ಟೆಯನ್ನು ಇಸ್ತ್ರಿ ಮಾಡಿ, ಗುಂಡಿಗಳನ್ನೆಲ್ಲ ಹಾಕಿ, ಮಂಚದ ಮೇಲಲ್ಲದೆ ನೆಲದ ಮೇಲೋ ಮೇಜಿನ ಮೇಲೋ ಹರಡಿ, ಸುಕ್ಕನ್ನು ಅಂಗೈಯಿಂದ ಸವರಿ ತೆಗೆಯಬೇಕು, ಎಳೆಯಬಾರದು. ಮೊದಲು ಬೆನ್ನಿನ ಕಡೆ ಒಂದು ಭುಜದ ಹೊಲಿಗೆಯಿಂದ ಇನ್ನೊಂದು ಭುಜದ ಹೊಲಿಗೆಯವರೆಗೆ. ಆಮೇಲೆ ಒಂದು ಕಂಕುಳ ಕೆಳಗಿನಿಂದ ಇನ್ನೊಂದರವರೆಗೆ, ಬಂದದ್ದರ ಎರಡರಷ್ಟು ಎದೆಯ ಸುತ್ತಳತೆ. ಆಮೇಲೆ ರಟ್ಟೆಯ ಅಗಲ, ತೋಳಿನ ಉದ್ದ, ಕತ್ತಿನ ಪಕ್ಕದಿಂದ ಕೆಳಗಿನ ಅಂಚಿನವರೆಗಿನ ಉದ್ದ. ಪ್ಯಾಂಟಿಗಾದರೆ ಸೊಂಟಪಟ್ಟಿ, ತೊಡೆ, ಒಳಕಾಲಿನ ಉದ್ದ, ಜೊತೆಗೆ ಹೆಚ್ಚಿನವರು ಅಳೆಯದೆ ಬಿಡುವ ಇನ್ನೊಂದು: ಎರಡು ಕಾಲು ಕೂಡುವ ಹೊಲಿಗೆಯಿಂದ ಮುಂಭಾಗದ ಸೊಂಟಪಟ್ಟಿಯ ಮೇಲಂಚಿನವರೆಗಿನ ಉದ್ದ. ಶೋರೂಂನವರು ಇದನ್ನು ರೈಸ್ ಎನ್ನುತ್ತಾರೆ. ಸ್ಕೂಟರ್ ಮೇಲೆ ಕೂತಾಗ ಬೆನ್ನು ಕಾಣುವುದು, ಕೂತು ಎದ್ದಾಗಲೆಲ್ಲ ಪ್ಯಾಂಟನ್ನು ಮೇಲಕ್ಕೆ ಎಳೆದುಕೊಳ್ಳಬೇಕಾಗಿ ಬರುವುದು, ಸೊಂಟ ಸರಿಯಿದ್ದೂ ಹೊಟ್ಟೆಯ ಮೇಲೆ ಒತ್ತುವುದು, ಇವೆಲ್ಲ ರೈಸ್‌ನ ತಕರಾರುಗಳೇ ಹೊರತು ಸೊಂಟದ ಅಳತೆಯವಲ್ಲ. ಸೊಂಟದ ಅಳತೆ ಹೆಚ್ಚಿಸಿದರೆ ಜಾರುವುದು ಇನ್ನೂ ಹೆಚ್ಚಾಗುತ್ತದೆ.

ಇಷ್ಟನ್ನೂ ಫೋನಿನಲ್ಲಿ ಬರೆದಿಟ್ಟು, ಒಂದು ಟೇಪನ್ನು ಕೈಚೀಲಕ್ಕೆ ಹಾಕಿಕೊಂಡರೆ ಮನೆಯ ಕೆಲಸ ಮುಗಿಯಿತು. ಮೊದಲ ಸಲವಾದರೆ ಅಳತೆ ಬಟ್ಟೆಯನ್ನೇ ಒಯ್ದರೂ ತಪ್ಪಿಲ್ಲ. ಒಳಗೆ ಹೋಗುವಾಗ ಕಾವಲುಗಾರನಿಗೆ ತೋರಿಸಿ ಹೋದರೆ ಹೊರಬರುವಾಗ ಪೇಚಾಡಬೇಕಾಗುವುದಿಲ್ಲ.

ಶೋರೂಂನಲ್ಲಿ

ಹೋಗುವ ಹೊತ್ತು ಮುಖ್ಯ. ಭಾನುವಾರ ಸಂಜೆ ಮೈಸೂರಿನ ದೇವರಾಜ ಅರಸು ರಸ್ತೆಯಲ್ಲಿ ಗಾಡಿ ನಿಲ್ಲಿಸಲು ಜಾಗ ಹುಡುಕಿ ಸುಸ್ತಾದವರಿಗೆ ಬಟ್ಟೆಯನ್ನು ಅಳೆದು ನೋಡುವ ಸಮಾಧಾನ ಇರುವುದಿಲ್ಲ. ದಸರೆಯ ಹತ್ತು ದಿನ ಆ ಕಡೆ ತಲೆ ಹಾಕದಿರುವುದೇ ಕ್ಷೇಮ. ವಾರದ ನಡುವಿನ ಬೆಳಗ್ಗೆ ಹನ್ನೊಂದರ ಹೊತ್ತಿಗೆ ಟ್ರಯಲ್ ರೂಮು ಖಾಲಿಯಿರುತ್ತದೆ, ಕೆಲಸದ ಹುಡುಗರೂ ಗೋದಾಮಿನಿಂದ ಇನ್ನೊಂದು ಅಳತೆ ತಂದುಕೊಡಲು ಬೇಸರಿಸುವುದಿಲ್ಲ.

ಹ್ಯಾಂಗರಿನಲ್ಲಿರುವಾಗಲೇ ಭುಜ ಮತ್ತು ಎದೆಯನ್ನು ಟೇಪಿನಿಂದ ಅಳೆಯಿರಿ. ಎರಡೂ ಅರ್ಧ ಇಂಚಿನೊಳಗೆ ಹೊಂದಿದರೆ ಮಾತ್ರ ಟ್ರಯಲ್ ರೂಮಿಗೆ ಒಯ್ಯಿರಿ. ಟೇಪ್ ತೆಗೆದರೆ ನಾಲ್ಕು ಜನ ನೋಡುತ್ತಾರೆ, ನೋಡಲಿ. ಸೀರೆ ಅಂಗಡಿಯಲ್ಲಿ ಸೆರಗು ಬಿಡಿಸಿ ದೀಪಕ್ಕೆ ಹಿಡಿದು ನೋಡುವಾಗ ಇಲ್ಲದ ನಾಚಿಕೆ ಇಲ್ಲೇಕೆ?

ಮೈಮೇಲೆ ಹಾಕಿಕೊಂಡಾಗ ಮೊದಲು ನೋಡಬೇಕಾದದ್ದು ಭುಜ. ಚಿಕ್ಕಮ್ಮನ ಬಳಿಗೆ ಯಾರಾದರೂ ಸಿದ್ಧ ಉಡುಪು ತಂದು ಸರಿಮಾಡಿಕೊಡಿ ಎಂದರೆ ಅವರು ಹೇಳುತ್ತಿದ್ದ ಮಾತು ಒಂದೇ: “ಹೆಗಲತ್ರ ನೋಡ್ಕಳವ್ವ ಮೊದ್ಲು, ಉದ್ದ ಗಿದ್ದ ಆಮೇಕ್ ನೋಡ್ಕಬೋದು.” ಭುಜದ ಮೂಳೆ ಮುಗಿದು ತೋಳು ಇಳಿಯುವ ಜಾಗದಲ್ಲಿ ಹೊಲಿಗೆ ಕೂರಬೇಕು. ಅಲ್ಲಿಂದ ಅರ್ಧ ಇಂಚು ಆಚೀಚೆಯಾದರೆ ನಡೆಯುತ್ತದೆ, ಒಂದೂವರೆ ಇಂಚು ಜಾರಿದರೆ ನಡೆಯುವುದಿಲ್ಲ. ಬೇಕೆಂದೇ ಭುಜ ಇಳಿಬಿಟ್ಟು ಹೊಲಿದ ದೊಗಳೆ ಅಂಗಿಗಳು ಈಗ ಶೋರೂಂ ತುಂಬ ಇವೆ; ಅವುಗಳಲ್ಲಿ ಹೊಲಿಗೆ ರಟ್ಟೆಯ ಮೇಲಿರುವುದೇ ಮಾದರಿ, ಅದನ್ನು ತಪ್ಪೆನ್ನಲಾಗದು. ಆದರೆ ಅಂಥ ಅಂಗಿಯನ್ನು ಒಂದು ಅಳತೆ ಕಡಿಮೆ ತೆಗೆದುಕೊಂಡು ಮಾಮೂಲಿ ಅಂಗಿಯಾಗಿಸುತ್ತೇನೆ ಎಂಬ ಉಪಾಯ ಫಲಿಸುವುದಿಲ್ಲ, ಏಕೆಂದರೆ ತೋಳಿನ ಕೊರೆತವೇ ಅದರಲ್ಲಿ ಬೇರೆ.

ತೋಳಿನ ಕೊರೆತದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ನನ್ನ ನೀಲಿ ಕುರ್ತಿಯನ್ನು ಕೆಡಿಸಿದ್ದು ಅದೇ. ಟೈಲರ್‌ಗಳು ಆರ್ಮ್‌ಹೋಲ್ ಎನ್ನುವ ಈ ಕೊರೆತ ಆಳವಾಗಿದ್ದಷ್ಟೂ ಕೈಯಾಡಲು ಸಲೀಸು ಎಂದು ಮೇಲುನೋಟಕ್ಕೆ ಅನಿಸುತ್ತದೆ. ನಡೆಯುವುದು ತದ್ವಿರುದ್ಧ. ಕೊರೆತ ಆಳವಾದರೆ ತೋಳು ಮೈಬಟ್ಟೆಗೆ ಕೆಳಗಡೆ, ಪಕ್ಕೆಯ ಹತ್ತಿರ, ಕೂಡಿಕೊಳ್ಳುತ್ತದೆ. ಕೈ ಎತ್ತಿದಾಗ ತೋಳು ಪಕ್ಕೆಯ ಹೊಲಿಗೆಯನ್ನೂ, ಪಕ್ಕೆಯ ಹೊಲಿಗೆ ಇಡೀ ಬಟ್ಟೆಯನ್ನೂ ಎಳೆದುಕೊಂಡು ಮೇಲೇಳುತ್ತದೆ. ಕೊರೆತ ಕಂಕುಳಿಗೆ ಹತ್ತಿರವಿದ್ದರೆ ಕೈ ಮಾತ್ರ ಏಳುತ್ತದೆ, ಮೈಬಟ್ಟೆ ತನ್ನ ಜಾಗದಲ್ಲಿ ಇರುತ್ತದೆ. ಚೆನ್ನಾಗಿ ಕೂರುವ ರವಿಕೆಯನ್ನು ನೆನಪಿಸಿಕೊಂಡರೆ ಇದು ತಿಳಿಯುತ್ತದೆ. ಅಷ್ಟು ಬಿಗಿಯಾದ ಬಟ್ಟೆಯಲ್ಲೂ ಹೆಂಗಸರು ಅಟ್ಟದಿಂದ ಡಬ್ಬಿ ಇಳಿಸುತ್ತಾರೆ. ಕೈ ಎತ್ತಿದಾಗ ಬಿಗಿಯಾಯಿತೆಂದು ಇನ್ನೂ ದೊಡ್ಡ ಅಳತೆಗೆ ಹೋದರೆ ಕೊರೆತ ಇನ್ನೂ ಕೆಳಗಿಳಿದು ತೊಂದರೆ ಹೆಚ್ಚುತ್ತದೆ. ಕೈ ಇಳಿಬಿಟ್ಟು ನಿಂತಾಗ ಕಂಕುಳಿಗೂ ಹೊಲಿಗೆಗೂ ನಡುವೆ ಎರಡು ಬೆರಳು ಹಿಡಿದರೆ ಸಾಕು. ಅಂಗೈಯೇ ಹೋಗುವಂತಿದ್ದರೆ ಆ ಬಟ್ಟೆಯನ್ನು ಅಲ್ಲೇ ಬಿಟ್ಟುಬಿಡಿ.

ಟ್ರಯಲ್ ರೂಮಿನಲ್ಲಿ ಸೆಟೆದು ನಿಂತು ಕನ್ನಡಿ ನೋಡಿಕೊಳ್ಳುವುದರಿಂದ ಏನೂ ತಿಳಿಯುವುದಿಲ್ಲ, ದಿನವಿಡೀ ನಾವು ಹಾಗೆ ನಿಂತಿರುವುದಿಲ್ಲ. ಬಸ್ಸಿನ ಕಂಬಿ ಹಿಡಿದಂತೆ ಒಂದು ಕೈ ಎತ್ತಿ. ಸ್ಕೂಟರಿನ ಹ್ಯಾಂಡಲ್ ಹಿಡಿದಂತೆ ಎರಡೂ ಕೈ ಮುಂದೆ ಚಾಚಿ, ಬೆನ್ನು ಎಳೆಯುತ್ತದೆಯೇ ನೋಡಿ. ರಂಗೋಲಿ ಹಾಕುವಂತೆ ಕುಕ್ಕರಗಾಲಿನಲ್ಲಿ ಕೂರಿ, ಪ್ಯಾಂಟ್ ಹಿಂದೆ ಎಷ್ಟು ಇಳಿಯಿತೆಂದು ಕೈಯಿಂದ ಮುಟ್ಟಿ ನೋಡಿ. ಒಳಗೆ ಸ್ಟೂಲಿದ್ದರೆ ಅದರ ಮೇಲೆ ಕೂತು ಗುಂಡಿಗಳ ನಡುವೆ ಬಾಯಿ ಬಿಡುತ್ತದೆಯೇ ಗಮನಿಸಿ. ಮದುವೆ ಊಟಕ್ಕೆ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂರುವ ಮನೆಯವರಾದರೆ ಅದನ್ನೂ ಮಾಡಿ ನೋಡಿ. ಹಿಗ್ಗದ ಕಿರಿದಾದ ಪ್ಯಾಂಟುಗಳು ಮೊಣಕಾಲಿನಲ್ಲಿ ಸೋಲುವುದು ಅಲ್ಲಿಯೇ.

ಸುಕ್ಕುಗಳನ್ನು ಓದಲು ಕಲಿತರೆ ಕೆಲಸ ಇನ್ನೂ ಹಗುರ. ಅಡ್ಡ ಸುಕ್ಕು ಬಿದ್ದರೆ ಆ ಜಾಗ ಬಿಗಿ ಎಂದರ್ಥ, ಉದ್ದಕ್ಕೆ ಮಡಿಕೆ ಬಿದ್ದರೆ ಅಗಲ ಹೆಚ್ಚು ಎಂದರ್ಥ. ಎದೆಯಿಂದ ಕಂಕುಳ ಕಡೆಗೆ ಓರೆಯಾಗಿ ಎಳೆದ ಗೆರೆಗಳಿದ್ದರೆ ಎದೆಗೆ ಬಟ್ಟೆ ಸಾಲದು. ಕತ್ತಿನ ಹಿಂದೆ, ಕಾಲರಿನ ಕೆಳಗೆ, ಒಂದು ಅಡ್ಡ ಮಡಿಕೆ ಉಬ್ಬಿದರೆ ನಿಮ್ಮ ಭುಜ ಆ ನಕ್ಷೆಯ ಭುಜದಷ್ಟು ಇಳಿಜಾರಾಗಿಲ್ಲ. ಆ ಒಂದನ್ನು ಇಸ್ತ್ರಿ ಪೆಟ್ಟಿಗೆಯಿಂದ ಸರಿಪಡಿಸಲಾಗದು.

ಬಟ್ಟೆಯ ಗುಣ

ಇಂದು ಸರಿಯಾಗಿ ಕೂತದ್ದು ಮೂರನೆಯ ಒಗೆತದ ಮೇಲೂ ಕೂರಬೇಕು. ಒಳಗಿನ ಚೀಟಿಯಲ್ಲಿ ಪೂರ್ತಿ ಕಾಟನ್ ಅಥವಾ ವಿಸ್ಕೋಸ್ ಎಂದಿದ್ದರೆ ಕುಗ್ಗುವುದಕ್ಕೆಂದು ಉದ್ದದಲ್ಲಿ ಒಂದು ಇಂಚು ಹೆಚ್ಚಿಗೆ ಇರುವುದನ್ನೇ ಆರಿಸಬೇಕು. ರೇಯಾನ್ ಎಂದು ಮಾರುವ ವಿಸ್ಕೋಸ್ ಮೈಗೆ ತಂಪು, ಇಳಿಬೀಳುವುದೂ ಚೆಂದ, ಆದರೆ ಒದ್ದೆಯಾದಾಗ ಅದರ ನೂಲು ಬಲ ಕಳೆದುಕೊಳ್ಳುವುದರಿಂದ ಒಗೆಯುವ ಕಲ್ಲಿಗೆ ಬಡಿಯುವಂತಿಲ್ಲ, ಹಿಂಡುವಂತಿಲ್ಲ. ಪ್ಯಾಂಟಿನಲ್ಲಿ ನೂರಕ್ಕೆ ಎರಡು ಪಾಲು ಇಲಾಸ್ಟೇನ್ ಎಂಬ ಹಿಗ್ಗುವ ನೂಲು ಇದ್ದರೆ ಕೂರಲು ಏಳಲು ಸುಖ. ಅದು ಹೆಚ್ಚಾದರೆ ಸಂಜೆಯ ಹೊತ್ತಿಗೆ ಮೊಣಕಾಲಿನ ಹತ್ತಿರ ಚೀಲ ಬೀಳುತ್ತದೆ.

ಟೀ ಶರ್ಟಿನಲ್ಲಿ ಇನ್ನೊಂದು ರೋಗವಿದೆ. ಒಗೆದ ಮೇಲೆ ಪಕ್ಕೆಯ ಹೊಲಿಗೆ ತಿರುಚಿಕೊಂಡು ಹೊಟ್ಟೆಯ ಕಡೆಗೆ ಬರುತ್ತದೆ. ನೂಲಿನಲ್ಲಿ ಉಳಿದಿರುವ ಹುರಿ ನೀರು ಸೋಕಿದಾಗ ಬಿಚ್ಚಿಕೊಳ್ಳಲು ಹವಣಿಸುವುದರಿಂದ ಹೀಗಾಗುತ್ತದೆ, ಯಾವ ಟೈಲರ್ ಕೈಯಲ್ಲೂ ಇದು ಸರಿಹೋಗದು. ಕೊಳ್ಳುವ ಮುಂಚೆ ಟೀ ಶರ್ಟನ್ನು ಎರಡು ಭುಜಗಳಲ್ಲಿ ಹಿಡಿದು ಇಳಿಬಿಟ್ಟು ನೋಡಿ; ಹೊಸದರಲ್ಲೇ ಪಕ್ಕೆಯ ಹೊಲಿಗೆ ನೆಟ್ಟಗಿಲ್ಲದಿದ್ದರೆ ಮುಂದೆ ಅದು ಇನ್ನೂ ತಿರುಗುತ್ತದೆ. ದಪ್ಪವನ್ನು ತಿಳಿಯಲು ಒಳಗೆ ಅಂಗೈ ಇಟ್ಟು ಬೆಳಕಿಗೆ ಹಿಡಿಯುವುದೇ ಸಾಕು, ಬೆರಳುಗಳನ್ನು ಎಣಿಸುವಂತಿದ್ದರೆ ಬೇಡ. ಚೀಟಿಯಲ್ಲಿ ಜಿಎಸ್‌ಎಂ, ಅಂದರೆ ಒಂದು ಚದರ ಮೀಟರ್ ಬಟ್ಟೆಯ ಗ್ರಾಂ ತೂಕ, ಎಂದು ಬರೆದಿದ್ದರೆ 180ರ ಆಸುಪಾಸಿನದು ದಿನಬಳಕೆಗೆ ಒಳ್ಳೆಯದು. ಮಂಡ್ಯದ ಏಪ್ರಿಲ್ ಬಿಸಿಲಿಗೆ 160 ಸಾಕು.

ಮಾದರಿಯ ತಕರಾರು

ಅಳತೆ ಕೂತರೂ ಮಾದರಿ ಒಪ್ಪದಿರುವುದು ಬೇರೆಯೇ ಸಂಕಟ. ಹೆಂಗಸರ ಟೀ ಶರ್ಟುಗಳ ಉದ್ದ ಸೊಂಟಕ್ಕೆ ನಿಲ್ಲುತ್ತದೆ, ಎದೆಯ ಮೇಲೆ ಅರ್ಥವಿಲ್ಲದ ಇಂಗ್ಲಿಷ್ ವಾಕ್ಯ ಇರುತ್ತದೆ, ಜೇಬು ಎಂಬುದು ಇದ್ದರೂ ಫೋನಿನ ಅರ್ಧ ಹೊರಗೆ. ಉದ್ದ ಬೇಕಾದವರು ನಾಚದೆ ಗಂಡಸರ ವಿಭಾಗಕ್ಕೆ ಹೋಗಬಹುದು. ಒಂದು ಅಳತೆ ಕಡಿಮೆ ತೆಗೆದುಕೊಂಡರೆ ಭುಜವೂ ಹೊಂದುತ್ತದೆ, ಉದ್ದವೂ ಸಿಗುತ್ತದೆ. ಗುಂಡಿಗಳು ಬಲಗಡೆ ಇರುತ್ತವೆ ಎಂಬುದನ್ನು ಬಿಟ್ಟರೆ ಬೇರೆ ಅಡ್ಡಿಯಿಲ್ಲ. ಸೊಂಟ ಅಗಲವಿದ್ದವರಿಗೆ ಮಾತ್ರ ಗಂಡಸರ ಅಂಗಿ ಕೆಳಗಡೆ ಬಿಗಿಯಾಗುತ್ತದೆ. ಪಕ್ಕೆಯ ಹೊಲಿಗೆಯನ್ನು ಕೆಳಗಿನಿಂದ ನಾಲ್ಕು ಇಂಚು ಬಿಚ್ಚಿ ಅಂಚು ಮಡಿಸಿದರೆ ಅದಕ್ಕೂ ಪರಿಹಾರವಿದೆ.

ಕುರ್ತಿಗೆ ಜೇಬು ಇಡಿಸುವುದು ನಾವು ಅಂದುಕೊಂಡಷ್ಟು ಕಷ್ಟವಲ್ಲ. ಸೀಳು ಶುರುವಾಗುವುದಕ್ಕಿಂತ ಮೇಲೆ ಪಕ್ಕೆಯ ಹೊಲಿಗೆಯನ್ನು ಆರು ಇಂಚು ಬಿಚ್ಚಿ, ಒಳಗೆ ಲೈನಿಂಗ್ ಬಟ್ಟೆಯ ಚೀಲ ಕೂರಿಸಿದರೆ ಮುಗಿಯಿತು. ಕಾಲು ಮೀಟರ್ ಲೈನಿಂಗ್ ಸಾಕು. ಸೀಳು ತೀರಾ ಮೇಲಿನಿಂದ ಶುರುವಾಗುವ ಕುರ್ತಿಯಲ್ಲಿ ಜಾಗವಿರುವುದಿಲ್ಲ, ಕೊಳ್ಳುವಾಗಲೇ ಗೇಣು ಹಾಕಿ ನೋಡಿಕೊಳ್ಳಬೇಕು. ತೋಳಿಲ್ಲದ ಕುರ್ತಿ ಇಷ್ಟವಾದರೆ ಒಳಗೆ ತಿರುವಿ ನೋಡಿ, ಕೆಲವದರಲ್ಲಿ ಬೇಕಾದವರು ಹಚ್ಚಿಸಿಕೊಳ್ಳಲಿ ಎಂದು ತೋಳಿನ ತುಂಡುಗಳನ್ನು ಒಳಗೇ ಸಿಕ್ಕಿಸಿರುತ್ತಾರೆ.

ಆಲ್ಟ್ರೇಷನ್: ಯಾವುದು ಆಗುತ್ತದೆ, ಯಾವುದು ಆಗದು

ಬಿಲ್ ಕೌಂಟರಿಗೆ ಹೋಗುವ ಮುಂಚೆ, ಇದರಲ್ಲಿ ಸರಿಯಿಲ್ಲದ್ದನ್ನು ನಮ್ಮ ಬೀದಿಯ ಟೈಲರ್ ಸರಿಮಾಡಬಲ್ಲರೇ ಎಂದು ಕೇಳಿಕೊಳ್ಳಬೇಕು. ಉದ್ದ ಕಡಿಮೆ ಮಾಡುವುದು, ಪಕ್ಕೆ ಹಿಡಿಯುವುದು, ತೋಳಿನ ಅಗಲ ತಗ್ಗಿಸುವುದು, ಬೆನ್ನಿಗೆ ಟಕ್ಸ್ (ಬಟ್ಟೆಯನ್ನು ಒಳಗೆ ಮಡಿಸಿ ಹಿಡಿಯುವ ಹೊಲಿಗೆ) ಹಾಕುವುದು, ಪ್ಯಾಂಟಿನ ಸೊಂಟವನ್ನು ಹಿಂದಿನಿಂದ ಒಂದು ಇಂಚು ಹಿಡಿಯುವುದು, ಇವೆಲ್ಲ ಅರ್ಧ ಗಂಟೆಯ ಕೆಲಸ. ಭುಜ ಕಡಿಮೆ ಮಾಡಬೇಕೆಂದರೆ ತೋಳನ್ನು ಪೂರ್ತಿ ಬಿಚ್ಚಿ ಕೊರೆತವನ್ನು ಮತ್ತೆ ಕತ್ತರಿಸಬೇಕಾಗುತ್ತದೆ, ಅನುಭವಿಗಳೂ ಒಲ್ಲೆ ಎನ್ನುತ್ತಾರೆ. ಕೆಳಗಿಳಿದ ಕೊರೆತವನ್ನು ಮೇಲಕ್ಕೆ ಏರಿಸಲು ಬಟ್ಟೆಯೇ ಇರುವುದಿಲ್ಲ. ರೈಸ್ ಹೆಚ್ಚಿಸುವುದೂ ಆಗದ ಮಾತು.

ಸಿದ್ಧ ಉಡುಪನ್ನು ಅಗಲ ಮಾಡಿಸುವ ಆಸೆಯನ್ನಂತೂ ಇಟ್ಟುಕೊಳ್ಳಬೇಡಿ. ಟೈಲರ್ ಹೊಲಿದ ರವಿಕೆಯಲ್ಲಿ ಪಕ್ಕೆಯ ಒಳಗೆ ಒಂದಿಂಚಿಗೂ ಮಿಕ್ಕಿ ಮಾರ್ಜಿನ್ ಇರುತ್ತದೆ, ಎರಡು ಮೂರು ಸಾಲು ಹೊಲಿಗೆ ಹಾಕಿರುತ್ತಾರೆ, ಮೈ ತುಂಬಿದಂತೆ ಒಂದೊಂದೇ ಸಾಲು ಬಿಚ್ಚಿಕೊಳ್ಳಬಹುದು. ಕಾರ್ಖಾನೆಯಲ್ಲಿ ಓವರ್‌ಲಾಕ್ ಯಂತ್ರ ಹೊಲಿಯುತ್ತಲೇ ಅಂಚನ್ನು ಕತ್ತರಿಸಿಬಿಡುವುದರಿಂದ ಒಳಗೆ ಉಳಿಯುವುದು ಒಂದು ಸೆಂಟಿಮೀಟರ್ ಮಾತ್ರ. ಹೀಗಾಗಿ ಭುಜ ಸರಿಯಿದ್ದು ಹೊಟ್ಟೆ, ಸೊಂಟಗಳಲ್ಲಿ ದೊಗಳೆಯಾದದ್ದನ್ನು ಕೊಳ್ಳಬಹುದು, ಬಿಗಿಯಾದದ್ದನ್ನು ಕೊಳ್ಳಬಾರದು.

ಆಲ್ಟ್ರೇಷನ್‌ಗೆ ಕೊಡುವ ಮುಂಚೆ ಒಂದು ಸಲ ಒಗೆದು ಒಣಗಿಸಿ ಒಯ್ಯುವುದನ್ನು ಮರೆಯಬಾರದು. ನಾನೊಮ್ಮೆ ಹೊಸ ಕಾಟನ್ ಪ್ಯಾಂಟಿನ ಉದ್ದ ಕತ್ತರಿಸಿ, ಒಗೆದ ಮೇಲೆ ಅದನ್ನು ಮಗಳಿಗೆ ಕೊಡಬೇಕಾಯಿತು. ಜೀನ್ಸಿನ ಉದ್ದ ಕಡಿಮೆ ಮಾಡಿಸುವಾಗ ಕೆಳಗಿನ ಮೂಲ ಅಂಚನ್ನು ಉಳಿಸಿ, ಅದರ ಮೇಲ್ಗಡೆ ಮಡಿಸಿ ಹೊಲಿಯಿರಿ ಎಂದು ಬಾಯಿಬಿಟ್ಟು ಹೇಳಬೇಕು, ಇಲ್ಲದಿದ್ದರೆ ಮಾಸಿದ ಆ ಚೆಂದದ ಅಂಚು ಟೈಲರ್ ಅಂಗಡಿಯ ಕಸಕ್ಕೆ ಹೋಗುತ್ತದೆ.

ಬಿಲ್ಲು ಮತ್ತು ಬದಲಾವಣೆ

ಬಟ್ಟೆಯನ್ನು ಮನೆಗೆ ತಂದ ರಾತ್ರಿಯೇ, ಚೀಟಿ ಕೀಳದೆ, ಒಳ್ಳೆಯ ಬೆಳಕಿನಲ್ಲಿ ಇನ್ನೊಮ್ಮೆ ಹಾಕಿ ನೋಡಿ, ಆ ಎಲ್ಲ ಕಸರತ್ತುಗಳನ್ನೂ ಮಾಡಿ. ಬಿಲ್ಲಿನ ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ಎಷ್ಟು ದಿನದೊಳಗೆ ಬದಲಿಸಬಹುದು, ಹಣ ವಾಪಸ್ಸೋ ಅಥವಾ ಕ್ರೆಡಿಟ್ ನೋಟೋ, ರಿಯಾಯಿತಿಯ ಬಟ್ಟೆಗೂ ಇದು ಅನ್ವಯಿಸುತ್ತದೆಯೇ ಎಂಬುದನ್ನು ಕೌಂಟರಿನಲ್ಲೇ ಓದಿಕೊಳ್ಳುವುದು ಒಳ್ಳೆಯದು. ಆಷಾಢದ ಮಾರಾಟದಲ್ಲಿ ನಿಮ್ಮ ಅಳತೆ ಮೊದಲೇ ಖಾಲಿಯಾಗಿರುವುದರಿಂದ ಬದಲಿಸಿಕೊಡುತ್ತೇವೆ ಎಂಬ ಮಾತಿಗೆ ಹೆಚ್ಚು ಬೆಲೆಯಿಲ್ಲ.

ಇಲ್ಲಿ ಎರಡು ಸಂಗತಿಗಳನ್ನು ಬೇರೆ ಮಾಡಿ ನೋಡಬೇಕು. ಅಳತೆ ಹೊಂದಲಿಲ್ಲ, ಬಣ್ಣ ಮನಸ್ಸಿಗೆ ಬರಲಿಲ್ಲ ಎಂಬುದು ದೋಷವಲ್ಲ. ಅಲ್ಲಿ ಶೋರೂಂನವರ ಸ್ವಂತ ನಿಯಮವೇ ನಡೆಯುತ್ತದೆ. ಹೊಲಿಗೆ ಬಿಟ್ಟಿದೆ, ಒಂದು ತೋಳು ಇನ್ನೊಂದಕ್ಕಿಂತ ಒಂದಿಂಚು ಗಿಡ್ಡ, ಮೊದಲ ಒಗೆತಕ್ಕೇ ಬಣ್ಣ ಬಿಟ್ಟು ಬೇರೆ ಬಟ್ಟೆ ಕೆಡಿಸಿತು ಎಂಬುದು ದೋಷ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿಯನ್ನೇ ಹೇಳದಿದ್ದರೆ 30 ದಿನಗಳೊಳಗೆ, ಹಿಂಪಡೆದು ಹಣ ಕೊಡಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ ಎನಿಸಿಕೊಳ್ಳುತ್ತದೆ. ಮೊದಲು ಚೀಟಿಯ ಮೇಲಿನ ಇಮೇಲ್‌ಗೆ ಫೋಟೋ ಸಹಿತ ಬರೆಯಿರಿ, ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ನನ್ನ ನೀಲಿ ಕುರ್ತಿಯಲ್ಲಿ ಅಂಥ ದೋಷವಿರಲಿಲ್ಲ, ಹಾಗಾಗಿ ಸುಮ್ಮನಾದೆ. ಅದೀಗ ತೋಳು ಬಿಚ್ಚಿಸಿಕೊಂಡು ಮನೆಯಲ್ಲಿ ಉಡುವ ಬಟ್ಟೆಯಾಗಿದೆ.

ಶೋರೂಂ ಬಿಟ್ಟು ಟೈಲರ್ ಕಡೆಗೆ

ಮೂರು ಶೋರೂಂ ಸುತ್ತಿದರೂ ಭುಜ ಮತ್ತು ಎದೆ ಒಟ್ಟಿಗೆ ಹೊಂದುವ ಅಂಗಿ ಸಿಗದವರು ಸುತ್ತುವುದನ್ನು ನಿಲ್ಲಿಸಿ ಬಟ್ಟೆ ಕೊಂಡು ಹೊಲಿಸುವುದೇ ವಾಸಿ. ಸಯ್ಯಾಜಿ ರಾವ್ ರಸ್ತೆಯ ಬಟ್ಟೆ ಅಂಗಡಿಗಳಲ್ಲಿ 58 ಇಂಚು ಪನ್ನದ, ಅಂದರೆ ಅಗಲದ, ಬಟ್ಟೆಯಾದರೆ ತುಂಬುತೋಳಿನ ಶರ್ಟಿಗೆ ಸುಮಾರು 1.6 ಮೀಟರ್, ಪ್ಯಾಂಟಿಗೆ 1.2ರಿಂದ 1.3 ಮೀಟರ್ ಕತ್ತರಿಸುತ್ತಾರೆ. 44 ಇಂಚು ಪನ್ನದ ಕಾಟನ್ನಿನಲ್ಲಿ ತೋಳಿರುವ ಕುರ್ತಿಗೆ ಎರಡೂವರೆ ಮೀಟರ್ ಬೇಕಾಗುತ್ತದೆ. ಕಾಟನ್ನನ್ನು ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಒಣಗಿಸಿ, ಆಮೇಲೆ ಕೊಡಬೇಕು. ಶೋರೂಂನ ಮಾದರಿಯೇ ಬೇಕಿದ್ದರೆ ಅದರ ಫೋಟೋ ತೋರಿಸಿ, ಆದರೆ ಅಳತೆಗೆ ನಿಮ್ಮ ಅಳತೆ ಬಟ್ಟೆಯನ್ನೇ ಕೊಡಿ.

ಕೊಡುವಾಗ ಅದು ಯಾವತ್ತು ವಾಪಸ್ಸು ಸಿಗುತ್ತದೆಂದು ಕೇಳಿ ಕೊಡಿ. ಗೌರಿ ಹಬ್ಬದಿಂದ ದಸರೆ ಮುಗಿಯುವವರೆಗೆ, ಆಮೇಲೆ ಮದುವೆಯ ತಿಂಗಳುಗಳಲ್ಲಿ, ಟೈಲರ್ ಅಂಗಡಿಯ ಮೊಳೆಗೆ ನೇತುಹಾಕಿದ ಕವರು ವಾರಗಟ್ಟಲೆ ಕೆಳಗಿಳಿಯುವುದಿಲ್ಲ. ಆ ದಿನಗಳಲ್ಲಿ ಅಳತೆಗಳನ್ನು ಕಾಗದದಲ್ಲಿ ಬರೆದುಕೊಟ್ಟು, ನಿಮಗಿರುವ ಒಂದೇ ಒಂದು ಒಳ್ಳೆಯ ಅಳತೆ ಬಟ್ಟೆಯನ್ನು ಬೀರುವಿನಲ್ಲಿ ಉಳಿಸಿಕೊಳ್ಳಿ.